ಮಳೆ ತಡೆಯುವ ನೋಟ್‌ಬುಕ್ ಚಿತ್ರಕ್ಕೆ ಎಷ್ಟು ಆಗಿಬರುತ್ತದೆ?

ಮಳೆಯಲ್ಲೂ ಬರೆಯಬಹುದು ಎಂದು ಮಾರಾಟವಾಗುವ ನೋಟ್‌ಬುಕ್‌ಗಳ ಪೈಕಿ ರೈಟ್ ಇನ್ ದ ರೈನ್ ಹಳೆಯ ಹೆಸರು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಟಕೋಮಾದಲ್ಲಿ ಜೆರಿ ಡಾರ್ಲಿಂಗ್ ಎಂಬವರು 1916ರಲ್ಲಿ ಇದನ್ನು ಶುರು ಮಾಡಿದರು. ಸದಾ ಮಳೆ ಹಿಡಿದಿರುವ ಆ ಭಾಗದ ಕಾಡುಗಳಲ್ಲಿ ಮರ ಕಡಿಯುವ ಉದ್ಯಮದವರಿಗೆ ಲೆಕ್ಕ ಬರೆದುಕೊಳ್ಳಲು ಕಾಗದ ಬೇಕಿತ್ತು, ಅವರಿಗಾಗಿ ಹುಟ್ಟಿದ್ದು. ಅಂದರೆ ಇದು ಮೂಲತಃ ಬರವಣಿಗೆಯ ಕಾಗದ. ಸರ್ವೆಯವರು, ಭೂವಿಜ್ಞಾನಿಗಳು, ಸೈನಿಕರು ಬಳಸುವ ಸರಕನ್ನು ಹೊರಾಂಗಣ ಚಿತ್ರಕಾರರೂ ಎತ್ತಿಕೊಂಡಿದ್ದಾರೆ, ಅಷ್ಟೆ. ಇದರ ಒಳ್ಳೆಯ ಗುಣಗಳೂ ಕೊರತೆಗಳೂ ಈ ಒಂದು ಸಂಗತಿಯಿಂದಲೇ ಬರುತ್ತವೆ. ಅಕ್ಷರ ಓದಲು ಕಪ್ಪು, ಬಿಳುಪು ಎರಡಿದ್ದರೆ ಸಾಕು. ಚಿತ್ರಕ್ಕೆ ನಡುವಿನ ಬೂದುಗಳೆಲ್ಲ ಬೇಕು, ಕೊನೆಯಲ್ಲಿ ಗಟ್ಟಿಯಾದ ಒಂದು ಕಪ್ಪೂ ಬೇಕು. ಈ ಕಾಗದ ಎಡವುವುದು ಅಲ್ಲೇ.

ಮಾಮೂಲಿ ಸ್ಕೆಚ್‌ಬುಕ್ ಮಳೆಯಲ್ಲಿ ಯಾಕೆ ಕೈಕೊಡುತ್ತದೆ ಎಂಬುದನ್ನು ಮೊದಲು ನೋಡಬೇಕು. ಕಾಗದವೆಂದರೆ ಮರದ ಅಥವಾ ಹತ್ತಿಯ ನಾರುಗಳು ಒಂದಕ್ಕೊಂದು ಅಂಟಿ ನಿಂತಿರುವ ಹಾಸು. ನೀರು ಒಳಹೊಕ್ಕರೆ ನಾರು ಉಬ್ಬುತ್ತದೆ, ನಾರುಗಳ ನಡುವಿನ ಬಿಗಿ ಸಡಿಲುತ್ತದೆ. ಆಗ ಪೆನ್ಸಿಲ್ ಮೊನೆ ಗೆರೆ ಬಿಡುವ ಬದಲು ಉಳುತ್ತದೆ. ಗಟ್ಟಿ ಪೆನ್ಸಿಲಾದರೆ ಹಾಳೆಯೇ ಕಿತ್ತುಬರುತ್ತದೆ, ಮೆತ್ತನೆಯದಾದರೆ ಅಲ್ಲಲ್ಲಿ ಮಸಿ ಕಚ್ಚಿ ಅಲ್ಲಲ್ಲಿ ಬಿಟ್ಟುಹೋಗುತ್ತದೆ. ರಬ್ಬರ್ ಹಾಕಿದರಂತೂ ಮೇಲ್ಪದರ ಉಂಡೆಯುಂಡೆಯಾಗಿ ಎದ್ದು ಬರುತ್ತದೆ, ಆ ಜಾಗದಲ್ಲಿ ಒಣಗಿದ ಮೇಲೂ ಗೆರೆ ಸರಿಯಾಗಿ ಕೂರುವುದಿಲ್ಲ. ಇಲ್ಲಿ ಪೆನ್ಸಿಲ್ ಸೀಸದಲ್ಲಿರುವ ಗ್ರಾಫೈಟ್‌ನದು ತಪ್ಪಿಲ್ಲ ಎಂಬುದು ನೆನಪಿರಲಿ. ಅದು ನೀರಿನಲ್ಲಿ ಕರಗುವುದಿಲ್ಲ; ಒಮ್ಮೆ ಸರಿಯಾಗಿ ಕೂತ ಗೆರೆ ಮಳೆಗೆ ಅಳಿಸುವುದೂ ಇಲ್ಲ. ಸೋಲುವುದು ಅದರ ಕೆಳಗಿನ ನೆಲ.

ರೈಟ್ ಇನ್ ದ ರೈನ್ ಮಾಡುವುದು ಈ ನೆಲವನ್ನು ಕಾಯುವ ಕೆಲಸ. ಮರದ ನಾರಿನದೇ ಕಾಗದ, ಮೇಲೆ ನೀರು ಹಿಡಿಯದ ಲೇಪ. ಒಂದು ಹನಿ ಹಾಕಿ ಹಾಳೆಯನ್ನು ಓರೆ ಮಾಡಿದರೆ ಹನಿ ಗುಂಡಗೆ ಉರುಳಿ ಹೋಗುತ್ತದೆ. ಜಡಿಮಳೆಯಲ್ಲಿ ತೆರೆದಿಟ್ಟರೂ ಹಾಳೆ ಮುದ್ದೆಯಾಗುವುದಿಲ್ಲ, ಹಾಳೆಗಳು ಒಂದಕ್ಕೊಂದು ಕಚ್ಚಿಕೊಳ್ಳುವುದಿಲ್ಲ. ಕತ್ತರಿಸಿದ ಅಂಚಿಗೆ ಲೇಪದ ಪೂರ್ತಿ ರಕ್ಷಣೆ ಇರುವುದಿಲ್ಲವಾದ್ದರಿಂದ ತುಂಬಾ ಹೊತ್ತು ನೆನೆದ ಪುಸ್ತಕವನ್ನು ಒಣಗಿಸದೆ ಮುಚ್ಚಿಡುವುದು ಮಾತ್ರ ಬೇಡ. ಕಾಗದ ಕಾಯುವ ವಿಷಯದಲ್ಲಿ ಹೇಳಿದ ಮಾತನ್ನು ಉಳಿಸಿಕೊಳ್ಳುವ ಸರಕು, ಅನುಮಾನವಿಲ್ಲ.

ಚಿತ್ರ ಬಿಡಿಸಲು ಕೂತಾಗ ಗಮನಕ್ಕೆ ಬರುವ ಮೊದಲ ತೊಡಕು ಮುದ್ರಣ. ಹೆಚ್ಚಿನ ನೋಟ್‌ಬುಕ್‌ಗಳಲ್ಲಿ ಗೆರೆಯೋ ಚೌಕವೋ ಅಚ್ಚಾಗಿರುತ್ತದೆ. ಎಲೆಯ ಅಳತೆ, ಹಕ್ಕಿಯ ಕೊಕ್ಕಿನ ಪ್ರಮಾಣ ಹಿಡಿಯುವವರಿಗೆ ಚೌಕ ಅನುಕೂಲವೇ. ಭೂದೃಶ್ಯಕ್ಕೆ ಕಿರಿಕಿರಿ. ಎರಡನೆಯದು, ಹಾಳೆ ತೆಳು. ಹಿಂಬದಿಯಲ್ಲಿ ಗಾಢವಾಗಿ ಬಿಡಿಸಿದ್ದು ಈಚೆ ಮಸುಕಾಗಿ ಕಾಣುತ್ತದೆ, ಆದ್ದರಿಂದ ಒಂದು ಹಾಳೆಗೆ ಒಂದೇ ಬದಿ ಎಂದು ಲೆಕ್ಕ ಹಾಕುವುದು ಕ್ಷೇಮ.

ಇದಕ್ಕೊಂದು ಉಪಾಯವಿದೆ, ನೋಟ್‌ಬುಕ್‌ಗಿಂತ ಅದನ್ನೇ ಶಿಫಾರಸು ಮಾಡಬಹುದು. ಇದೇ ಕಂಪನಿ ಲೇಸರ್ ಪ್ರಿಂಟರಿಗೆ ಮತ್ತು ಜೆರಾಕ್ಸ್ ಯಂತ್ರಕ್ಕೆ ಹಾಕುವ ಬಿಡಿ ಹಾಳೆಗಳನ್ನೂ ಮಾರುತ್ತದೆ. ಅವು ಖಾಲಿ ಹಾಳೆಗಳು. ಅರ್ಧಕ್ಕೆ ಕತ್ತರಿಸಿ, 15–20 ಹಾಳೆಯ ಕಟ್ಟು ಮಾಡಿ, 3 ಮಿ.ಮೀ. ದಪ್ಪದ ಪ್ಲಾಸ್ಟಿಕ್ ಹಲಗೆಯ ಮೇಲಿಟ್ಟು ಮೇಲ್ತುದಿಗೆ ಎರಡು, ಕೆಳತುದಿಯ ಮೂಲೆಗಳಿಗೆ ಒಂದೊಂದು ಕ್ಲಿಪ್ ಹಾಕಿದರೆ ಗೆರೆಯಿಲ್ಲದ ಪ್ಯಾಡ್ ಸಿದ್ಧ. ತೂತು ಹೊಡೆದು ಸ್ಪೈರಲ್ ಹಾಕಿಸಿದರೂ ಆಗುತ್ತದೆ, ಆದರೆ ಸ್ಪೈರಲ್ ಮೇಲ್ಗಡೆಗೆ ಬರಲಿ. ಹೊಲಿದ ಪುಸ್ತಕದಲ್ಲಿ ಎರಡು ಪುಟದ ನಡುವಿನ ಕಣಿವೆಗೆ ನೀರು ಇಳಿದು ನಿಲ್ಲುತ್ತದೆ, ಪಕ್ಕದ ಸ್ಪೈರಲ್ ಆದರೆ ಕೈಗೆ ಅಡ್ಡ. ಇಂಕ್‌ಜೆಟ್ ಪ್ರಿಂಟರಿಗೆ ಮಾತ್ರ ಈ ಹಾಳೆ ಹಾಕಬಾರದು. ಆ ಶಾಯಿಯಲ್ಲಿ ನೀರಿರುವುದರಿಂದ ಲೇಪದ ಮೇಲೆ ಹಿಡಿಯುವುದಿಲ್ಲ.

ಇನ್ನು ಗೆರೆ. ಒದ್ದೆ ಹಾಳೆಯ ಮೇಲೆ ತೆಳುವಾದ ನೀರಿನ ಪೊರೆ ನಿಂತಿರುತ್ತದೆ. ಪೆನ್ಸಿಲ್ ಮೊನೆ ಅದನ್ನು ಸೀಳಿಕೊಂಡು ಕೆಳಗಿನ ಲೇಪಕ್ಕೆ ತಾಗಬೇಕು, ಇಲ್ಲದಿದ್ದರೆ ಜಾರುತ್ತದೆ. ಹಾಗಾಗಿ ಹಲಗೆಯನ್ನು ಚಪ್ಪಟೆಯಾಗಿ ಹಿಡಿಯದೆ 45 ಡಿಗ್ರಿಗಿಂತ ಕಡಿದಾಗಿ ನಿಲ್ಲಿಸಿಕೊಳ್ಳಬೇಕು. ಮಳೆ ನೀರು ಹರಿದುಹೋಗುತ್ತದೆ, ಕೆರೆ ಕಟ್ಟುವುದಿಲ್ಲ. ನೀರು ಕಟ್ಟಿತೆನ್ನಿ, ಹಾಳೆಯನ್ನು ಒಮ್ಮೆ ಕೊಡವಿ ಅಥವಾ ಒಣ ಬಟ್ಟೆಯಿಂದ ಒತ್ತಿ ತೆಗೆಯಿರಿ. ಉಜ್ಜಬೇಡಿ. ಲೇಪದೊಳಗೆ ಗ್ರಾಫೈಟ್ ಇಳಿಯುವುದಿಲ್ಲ, ಮೇಲೆಯೇ ಕೂತಿರುತ್ತದೆ; ಉಜ್ಜಿದರೆ ಇಡೀ ಹಾಳೆ ಬೂದಾಗುತ್ತದೆ. ಇದೇ ಕಾರಣಕ್ಕೆ ಮೇಲಿನಿಂದ ಕೆಳಕ್ಕೆ ಬಿಡಿಸುತ್ತ ಬರುವುದು ಮೇಲು.

ಪೆನ್ಸಿಲ್ ಆಯ್ಕೆಗೆ ಬಂದರೆ, ಈ ಕಾಗದಕ್ಕೆ ಎಚ್‌ಬಿಯಿಂದ 2ಬಿವರೆಗೆ ಸರಿಯಾದ ವ್ಯಾಪ್ತಿ (ಎಚ್ ಎಂದರೆ ಗಟ್ಟಿ ಸೀಸ, ಬಿ ಎಂದರೆ ಮೆತ್ತಗಿನ ಕಪ್ಪು ಸೀಸ, ಅಂಕಿ ಏರಿದಂತೆ ಆ ಗುಣವೂ ಹೆಚ್ಚು). ಎಚ್, 2ಎಚ್ ಹಾಕಿದರೆ ಗೆರೆ ಕಾಣದು, ಗೀರು ಉಳಿಯುತ್ತದೆ. 4ಬಿಗಿಂತ ಮೆತ್ತಗಿನದು ಒದ್ದೆಯಲ್ಲಿ ಪುಡಿಯಾಗಿ ಹರಿದು ಕೆಸರಾಗುತ್ತದೆ. ಮಳೆಗೆ 0.7 ಅಥವಾ 0.9 ಮಿ.ಮೀ. ಸೀಸದ ಮೆಕ್ಯಾನಿಕಲ್ ಪೆನ್ಸಿಲ್ ಹೇಳಿ ಮಾಡಿಸಿದ ಸಾಧನ. ಮೊನೆ ಮಾಡುವ ತಾಪತ್ರಯವಿಲ್ಲ, ನೆನೆದರೆ ಉಬ್ಬುವ ಮರವಿಲ್ಲ. 0.5ರ ಸೀಸ ನಡುಗುವ ಕೈಯಲ್ಲಿ ಪಟಪಟ ಮುರಿಯುತ್ತದೆ. ಮರದ ಪೆನ್ಸಿಲ್ ಒಯ್ಯಲೇಬೇಕೆಂದರೆ ಐದಾರನ್ನು ಮನೆಯಲ್ಲೇ ಹೆರೆದು ಒಯ್ಯಿರಿ. ನೆನೆದ ಮರವನ್ನು ಶಾರ್ಪ್‌ನರಿಗೆ ಹಾಕಿದರೆ ಸಿಪ್ಪೆ ನೀಟಾಗಿ ಬರದೆ ಸಿಗಿಯುತ್ತದೆ, ಜೊತೆಗೆ ಸೀಸವನ್ನೂ ಮುರಿಯುತ್ತದೆ. ಪೂರ್ತಿ ಗ್ರಾಫೈಟ್‌ನದೇ ಆದ, ಮೇಲೆ ತೆಳು ಮೆರುಗೆಣ್ಣೆ ಬಳಿದ ಮರವಿಲ್ಲದ ಪೆನ್ಸಿಲ್‌ಗಳೂ ಒಳ್ಳೆಯವೇ, ಆದರೆ ಕೈಜಾರಿ ಕಲ್ಲಿನ ಮೇಲೆ ಬಿದ್ದರೆ ಎರಡು ತುಂಡು.

ಈಗ ಆ ಕಪ್ಪಿನ ಪ್ರಶ್ನೆ. ಮಳೆಯಲ್ಲಿ ಪ್ರಕೃತಿಯ ಬಣ್ಣಗಟ್ಟು, ಅಂದರೆ ತಿಳಿ-ಗಾಢಗಳ ಹೊಂದಿಕೆ, ಹೇಗೆ ಬದಲಾಗುತ್ತದೆ ನೋಡಿ. ದೂರದ್ದೆಲ್ಲ ಮಸುಕಾಗುತ್ತದೆ, ಹತ್ತಿರದ್ದೆಲ್ಲ ಕಪ್ಪಾಗುತ್ತದೆ. ಒಣ ತೊಗಟೆಯ ಒರಟು ಮೈ ಬೆಳಕನ್ನು ನಾನಾ ದಿಕ್ಕಿಗೆ ಚೆದುರಿಸುವುದರಿಂದ ತಿಳಿಯಾಗಿ ಕಾಣುತ್ತದೆ. ಅದರ ಮೇಲೆ ನೀರಿನ ಪೊರೆ ಬಂದಾಗ ಬೆಳಕಿನ ಒಂದು ಪಾಲು ಪೊರೆಯೊಳಗೇ ಹಿಂದಕ್ಕೆ ತಿರುಗಿ ಮತ್ತೆ ಮತ್ತೆ ತೊಗಟೆಗೆ ಬಿದ್ದು ಹೀರಿಹೋಗುತ್ತದೆ. ಹೊರಬರುವ ಬೆಳಕು ಕಡಿಮೆ, ತೊಗಟೆ ಕಡುಗಪ್ಪು. ಕಾಂಡದ ಒಂದು ಪಕ್ಕದಲ್ಲಿ ನೀರು ಇಳಿಯುವ ದಾರಿ ಇದ್ದಿಲ ಬಣ್ಣಕ್ಕೆ ತಿರುಗಿ, ಮಳೆ ತಾಗದ ಇನ್ನೊಂದು ಪಕ್ಕ ಮೊದಲಿನ ಬೂದಿಯಲ್ಲೇ ಉಳಿದಿರುತ್ತದೆ. ಎರಡರ ನಡುವಿನ ಗಡಿ ಕೊಂಬೆಯ ಕವಲಿನಿಂದ ಶುರುವಾಗಿ ಗಂಟುಗಳನ್ನು ಸುತ್ತಿಕೊಂಡು ಬೇರಿನವರೆಗೆ ವಕ್ರವಾಗಿ ಇಳಿಯುತ್ತದೆ. ಮಳೆಯ ಚಿತ್ರದ ಜೀವ ಇರುವುದು ಈ ಗಡಿಯಲ್ಲಿ. ಅದನ್ನು ಹಿಡಿಯಬೇಕಾದರೆ ಆಳವಾದ ಕಪ್ಪು ಬೇಕು. ಲೇಪವಿರುವ ನುಣುಪು ಕಾಗದಕ್ಕೆ ಗ್ರಾಫೈಟನ್ನು ಹಿಡಿದಿಡುವ ಹಲ್ಲುಗಳು, ಅಂದರೆ ಸಣ್ಣ ಒರಟು ಏರಿಳಿತಗಳು, ಕಡಿಮೆ. ಎರಡು ಸಲ ಕೈಯಾಡಿಸುವಷ್ಟರಲ್ಲಿ ನಡುಬೂದಿಗೆ ಬಂದು ನಿಲ್ಲುತ್ತದೆ. ಮೂರನೆಯ ಸಲ ಒತ್ತಿದರೆ ಮೈ ಹೊಳೆಯತೊಡಗುತ್ತದೆಯೇ ಹೊರತು ಕಪ್ಪು ಏರುವುದಿಲ್ಲ. ಮಳೆಗೆಂದೇ ಮಾಡಿದ ಕಾಗದದಲ್ಲಿ ಮಳೆಯ ಕಪ್ಪು ಹತ್ತದಿರುವುದು ತಮಾಷೆಯಾಗಿ ಕಾಣಬಹುದು, ಚಿತ್ರಕಾರರಿಗೆ ಇದೇ ದೊಡ್ಡ ಕೊರತೆ.

ಇದನ್ನು ಮೀರಲು ಎರಡು ದಾರಿಗಳಿವೆ. ಮೊದಲನೆಯದು ಎಣ್ಣೆಯಂಶದ ಪೆನ್ಸಿಲ್. ಗಾಜು, ಲೋಹದ ಮೇಲೆ ಗುರುತು ಹಾಕುವ ಮಿತ್ಸುಬಿಷಿ ಡರ್ಮಟೊಗ್ರಾಫ್ ಈ ಜಾತಿಯದು. ಮೈಗೆ ಕಾಗದ ಸುತ್ತಿರುತ್ತದೆ, ದಾರ ಎಳೆದು ಸುರುಳಿಯಾಗಿ ಸುಲಿದರೆ ಹೊಸ ಮೊನೆ ಬರುತ್ತದೆ, ಶಾರ್ಪ್‌ನರ್ ಬೇಡ. ಒದ್ದೆ ಲೇಪದ ಮೇಲೂ ಗಟ್ಟಿ ಕಪ್ಪು ಬಿಡುತ್ತದೆ. ಗೆರೆ ದಪ್ಪ, ಅಳಿಸಲು ಬಾರದು. ಆದ್ದರಿಂದ ರೂಪವನ್ನೆಲ್ಲ ಪೆನ್ಸಿಲಿನಲ್ಲಿ ಕೂರಿಸಿ, ಕಟ್ಟಕಡೆಗೆ ಕಪ್ಪು ಬೀಳುವ ಮೂರು ನಾಲ್ಕು ಜಾಗಕ್ಕೆ ಮಾತ್ರ ಇದನ್ನು ಇಳಿಸಬೇಕು. ಕೊಳ್ಳುವಾಗ ಎಚ್ಚರ: ಸ್ಟೆಬಿಲೊ ಆಲ್ ಕೂಡ ಗಾಜಿನ ಮೇಲೆ ಬರೆಯುತ್ತದೆ, ಕೆಲಸ ಒಂದೇ ಎನ್ನಿಸುತ್ತದೆ, ಆದರೆ ಅದು ನೀರಿನಲ್ಲಿ ಕರಗುವಂಥದ್ದು. ಮಳೆಯಲ್ಲಿ ಹರಿದುಹೋಗುತ್ತದೆ. ಕಾರನ್ ದಾಶ್ ಕಂಪನಿಯ ನಿಯೋಕಲರ್ ಬಣ್ಣದ ಕಡ್ಡಿಗಳಲ್ಲೂ ಇದೇ ಗೊಂದಲ. 1 ಎಂದು ಗುರುತಿರುವುದು ಮೇಣದ್ದು, ನೀರಿಗೆ ಜಗ್ಗದು. 2 ನೀರಿಗೆ ಕರಗುತ್ತದೆ. ಡಬ್ಬಿಯ ಮೇಲೆ ಅಂಕಿಯೊಂದರದ್ದೇ ವ್ಯತ್ಯಾಸ, ಹೊರಗೆ ಹೋದ ಮೇಲೆ ಅಜಗಜಾಂತರ.

ಎರಡನೆಯ ದಾರಿ ಶಾಯಿ. ಮಾಮೂಲಿ ಜೆಲ್ ಪೆನ್ನು, ಫೌಂಟನ್ ಪೆನ್ನು, ಮಾರ್ಕರ್ ಯಾವುದೂ ಇಲ್ಲಿ ನಡೆಯುವುದಿಲ್ಲ, ಶಾಯಿ ಮಣಿಮಣಿಯಾಗಿ ನಿಂತು ಬೆರಳು ತಾಗಿದಲ್ಲೆಲ್ಲ ಹರಡುತ್ತದೆ. ನೀರು ತಾಳುವ ಶಾಯಿ ಎಂದು ಹೆಸರಾದ ಪಿಗ್ಮಾ ಮೈಕ್ರಾನ್ ತರಹದ ಪೆನ್ನುಗಳನ್ನು ನಂಬಿ ಬಹಳ ಜನ ಕೆಡುತ್ತಾರೆ. ಆ ಶಾಯಿ ನೀರು ತಾಳುವುದು ಕಾಗದದೊಳಗೆ ಇಳಿದು ಒಣಗಿದ ಮೇಲೆ. ಲೇಪ ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಮಳೆ ಒಣಗಲು ಬಿಡುವುದಿಲ್ಲ. ಉಳಿದದ್ದು ಎಣ್ಣೆ ಶಾಯಿಯ ಬಾಲ್‌ಪೆನ್ನು. ಅದರಲ್ಲೂ ಒತ್ತಡ ತುಂಬಿದ ರೀಫಿಲ್ ಇದ್ದರೆ ಲೇಸು. 1960ರ ದಶಕದಲ್ಲಿ ಪಾಲ್ ಫಿಶರ್ ರೂಪಿಸಿದ ಸ್ಪೇಸ್ ಪೆನ್ನಿನ ಕೊಳವೆಯಲ್ಲಿ ನೈಟ್ರೋಜನ್ ಅನಿಲ ಶಾಯಿಯನ್ನು ಹಿಂದಿನಿಂದ ತಳ್ಳುತ್ತಿರುತ್ತದೆ. ಪೆನ್ನು ತಲೆಕೆಳಗಾದರೂ ಹಾಳೆ ಒದ್ದೆಯಿದ್ದರೂ ಗೆರೆ ತುಂಡಾಗುವುದಿಲ್ಲ. ಕಂಪನಿ ಹೇಳುವ ವ್ಯಾಪ್ತಿ ಮೈನಸ್ 34ರಿಂದ 121 ಡಿಗ್ರಿ ಸೆಲ್ಸಿಯಸ್. ಯೂನಿ ಪವರ್ ಟ್ಯಾಂಕ್ ಕೂಡ ಇದೇ ತತ್ವದ್ದು. ಕಪ್ಪು ತರಲು ಒತ್ತಬೇಡಿ, ಅಡ್ಡಗೆರೆಗಳನ್ನು ಒಂದರ ಮೇಲೊಂದು ಹೆಣೆಯಿರಿ. ಮೂರು ದಿಕ್ಕಿನ ಹೆಣಿಗೆಗೆ ಗ್ರಾಫೈಟ್ ಮುಟ್ಟಲಾಗದ ಕಪ್ಪು ಬರುತ್ತದೆ. ಗೆರೆಯ ದಪ್ಪ ಮಾತ್ರ ಉದ್ದಕ್ಕೂ ಒಂದೇ. ಹುಲ್ಲು, ಜೊಂಡು, ಎಲೆಯಿಲ್ಲದ ಕೊಂಬೆಗಳಿಗೆ ಹೊಂದುತ್ತದೆ, ಮಂಜು ಕವಿದ ಬೆಟ್ಟಕ್ಕೆ ಒಗ್ಗುವುದಿಲ್ಲ.

ಪರ್ಯಾಯಗಳು ಮೂರು. ಅವುಗಳಲ್ಲಿ ಹೆಚ್ಚು ಪರಿಚಯವಿಲ್ಲದ, ಆದರೆ ಕಪ್ಪಿನ ವಿಷಯದಲ್ಲಿ ಎಲ್ಲಕ್ಕಿಂತ ಮುಂದಿರುವುದು ಮ್ಯಾಟ್, ಅಂದರೆ ಹೊಳಪಿಲ್ಲದ, ಪಾಲಿಯೆಸ್ಟರ್ ಹಾಳೆ. ಮೈಲಾರ್ ಎಂದೇ ರೂಢಿ. ಕಂಪ್ಯೂಟರ್ ಬರುವ ಮೊದಲು ಎಂಜಿನಿಯರಿಂಗ್ ನಕ್ಷೆಗಳನ್ನು ಬರೆಯುತ್ತಿದ್ದ ಅದೇ ಹಾಳೆ. ನೀರಿನಡಿಯ ಪುರಾತತ್ವ ಶೋಧದಲ್ಲಿ ಮುಳುಗುಗಾರರು ಇದರ ಮೇಲೆ ಪೆನ್ಸಿಲಿನಿಂದಲೇ ನಕ್ಷೆ ತೆಗೆಯುತ್ತಾರೆ. ಇನ್ನು ಮಳೆ ಯಾವ ಲೆಕ್ಕ. 0.075 ಮತ್ತು 0.1 ಮಿ.ಮೀ. ದಪ್ಪದಲ್ಲಿ ಸಿಗುತ್ತದೆ, ಚಿತ್ರಕ್ಕೆ 0.1ರದ್ದೇ ಇರಲಿ, ಗಾಳಿಗೆ ಸುರುಳಿಕಟ್ಟುವುದು ಕಡಿಮೆ. ಮ್ಯಾಟ್ ಮೈ ಮರಳು ಕಾಗದದಂತೆ ಸೀಸವನ್ನು ತಿನ್ನುವುದರಿಂದ ಎಚ್ ಅಥವಾ 2ಎಚ್ ಕೂಡ ಇಲ್ಲಿ ಗಾಢವಾಗಿ ಹತ್ತುತ್ತದೆ. 2ಬಿ ಹಾಕಿದರೆ ಕಪ್ಪೇನೋ ಅದ್ಭುತ, ಬೆರಳು ತಾಗಿದರೆ ಎಲ್ಲ ಕಲಸುತ್ತದೆ. ಹಾಳೆ ಅರೆಪಾರದರ್ಶಕ, ಅದಕ್ಕೇ ಬಿಳಿ ಪ್ಲಾಸ್ಟಿಕ್ ಹಲಗೆಗೆ ನಾಲ್ಕೂ ಬದಿ ಟೇಪು ಹಚ್ಚಿ ಬಿಗಿಯಬೇಕು. ಬದಿ ತೆರೆದಿದ್ದರೆ ಅಡಿಗೆ ನೀರು ನುಗ್ಗಿ ಬಿಳುಪು ತೇಪೆತೇಪೆಯಾಗಿ ಕಂಡು ಬಣ್ಣಗಟ್ಟಿನ ಅಂದಾಜೇ ತಪ್ಪುತ್ತದೆ. ಟೇಪನ್ನು ಮನೆಯಲ್ಲಿ ಒಣಗಿರುವಾಗಲೇ ಹಚ್ಚಿ, ಒದ್ದೆ ಮೈಗೆ ಅದು ಅಂಟದು. ಕೈಯ ಜಿಡ್ಡು ತಾಗಿದ ಜಾಗದಲ್ಲಿ ಪೆನ್ಸಿಲ್ ಹತ್ತುವುದಿಲ್ಲ, ಆದ್ದರಿಂದ ಅಂಚು ಹಿಡಿದೇ ಎತ್ತಿ. ಪುಸ್ತಕದ ಸೌಕರ್ಯ ಇಲ್ಲ, ಒಂದು ಹಲಗೆಗೆ ಒಂದೇ ಚಿತ್ರ ಎಂಬುದು ಇದರ ಮಿತಿ. ಒಂದು ಜಾಗದಲ್ಲಿ ಕೂತು ಒಂದೇ ಚಿತ್ರ ಗಂಭೀರವಾಗಿ ಮಾಡುವವರಿಗೆ ನೋಟ್‌ಬುಕ್ಕಿಗಿಂತ ಇದೇ ಸರಿ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಕಲ್ಲಿನ ಕಾಗದಕ್ಕೆ ಈಚೆಗೆ ಪ್ರಚಾರ ಜಾಸ್ತಿ. ಸುಮಾರು ಶೇ. 80ರಷ್ಟು ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ, ಉಳಿದದ್ದು ಪಾಲಿಥಿನ್. ನಾರೇ ಇಲ್ಲದ್ದರಿಂದ ನೆನೆಯುವ ಪ್ರಶ್ನೆ ಏಳುವುದಿಲ್ಲ, ಮುಟ್ಟಲು ಬೆಣ್ಣೆಯಷ್ಟು ನಯ. ಆ ನಯವೇ ಮುಳುವು. ಎಚ್‌ಬಿ ಪೆನ್ಸಿಲ್ ಕೂಡ ತಗ್ಗು ಬೀಳಿಸುತ್ತದೆ, ಅಳಿಸಿದರೂ ತಗ್ಗು ಉಳಿದು ಆಮೇಲೆ ಬಳಿದ ಛಾಯೆಯಲ್ಲಿ ಬಿಳಿ ಗೆರೆಯಾಗಿ ಎದ್ದು ಕಾಣುತ್ತದೆ. 2ಬಿ, ಹಗುರ ಕೈ ಇದ್ದರೆ ಗೆರೆಚಿತ್ರಕ್ಕೆ ಅಡ್ಡಿಯಿಲ್ಲ. ಬಿಸಿಲಿನ ಅತಿನೇರಳೆ ಕಿರಣಕ್ಕೆ ಕಾಲಕ್ರಮೇಣ ಪುಡಿಯಾಗುವ ಸರಕಾದ್ದರಿಂದ ಗೋಡೆಗೆ ತೂಗುಹಾಕುವ ಚಿತ್ರಕ್ಕೆ ಇದು ಬೇಡ. ಯೂಪೊ ಎಂಬ ಪಾಲಿಪ್ರೊಪಿಲೀನ್ ಹಾಳೆಯನ್ನು ಜಲವರ್ಣದವರು ಇಷ್ಟಪಡುತ್ತಾರೆ, ಬಣ್ಣ ಮೇಲೆಯೇ ತೇಲಿ ಚೆಂದದ ಆಕಾರಗಳಾಗುತ್ತವೆ. ಕೊಠಡಿಯೊಳಗೆ ಅದು ಸೊಗಸು. ಹೊರಗೆ ಒಂದು ಸೋನೆ ಬಿದ್ದರೆ ಹಾಳೆ ತೊಳೆದಿಟ್ಟಷ್ಟು ಶುಭ್ರ.

ಹಿಮದ ಲೆಕ್ಕವೇ ಬೇರೆ. ನೀರು ತಡೆಯುವ ಕಾಗದ ಹಿಮಕ್ಕೂ ಬೇಕು ಎಂಬ ಎಣಿಕೆ ಅರ್ಧ ಮಾತ್ರ ನಿಜ. ಮೈನಸ್ 8, ಮೈನಸ್ 10ರಲ್ಲಿ ಬೀಳುವ ಹಿಮ ಒಣ ಪುಡಿ, ಕಾಗದ ಅಷ್ಟೇ ತಣ್ಣಗಿದ್ದರೆ ಮೇಲೆ ಬಿದ್ದದ್ದು ಕರಗುವುದಿಲ್ಲ. ಮೆತ್ತನೆಯ ಒಣ ಬ್ರಶ್ಶಿನಿಂದ ಸರಿಸಿದರೆ ಮುಗಿಯಿತು. ಬಾಯಿಂದ ಊದಬೇಡಿ, ಉಸಿರಿನ ಬಿಸಿಗೆ ಕರಗಿ ಆಮೇಲೆ ಅಲ್ಲೇ ಗಟ್ಟಿಯಾಗುತ್ತದೆ. ಅಂಗೈ ಊರುವಲ್ಲಿ ಒಂದು ರಟ್ಟಿನ ತುಂಡು ಇಟ್ಟುಕೊಳ್ಳಿ. ಇಂಥ ಹವೆಯಲ್ಲಿ ಮಾಮೂಲಿ ಸ್ಕೆಚ್‌ಬುಕ್ಕೇ ಉತ್ತಮ, ಅದರಲ್ಲೂ ಬೂದುಬಣ್ಣದ ಹಾಳೆ. ಸ್ಟ್ರಾತ್‌ಮೋರ್ ಟೋನ್ಡ್ ಗ್ರೇ, ಚದರ ಮೀಟರಿಗೆ 118 ಗ್ರಾಂ ತೂಕದ್ದು, ಇದಕ್ಕೆ ಚೆನ್ನಾಗಿ ಒಗ್ಗುತ್ತದೆ: ಹಾಳೆಯ ಬೂದಿಯೇ ಹಿಮದ ನೆರಳು, ಬೆಳಕು ಬಿದ್ದಲ್ಲಿ ಮಾತ್ರ ಬಿಳಿ ಪೆನ್ಸಿಲ್, ಮರಗಳಿಗೆ ಗ್ರಾಫೈಟ್. ಹತ್ತರಲ್ಲಿ ಒಂದು ಪಾಲು ಕೆಲಸಕ್ಕೆ ಚಿತ್ರ ಎದ್ದು ನಿಲ್ಲುತ್ತದೆ. ರೈಟ್ ಇನ್ ದ ರೈನ್‌ನಲ್ಲೂ ಮಣ್ಣುಬಣ್ಣದ ಹಾಳೆ ಇದೆ, ಆದರೆ ಬಿಳಿ ಪೆನ್ಸಿಲ್ ಆ ಲೇಪದ ಮೇಲೆ ಹಿಡಿಯುವುದು ಅಷ್ಟಕ್ಕಷ್ಟೆ.

ಕಷ್ಟವಿರುವುದು ಸೊನ್ನೆಯ ಆಸುಪಾಸಿನಲ್ಲಿ. ಸೊನ್ನೆಯಿಂದ ಮೈನಸ್ 2ರವರೆಗಿನ ಹಿಮ ದಪ್ಪ ದಪ್ಪ ತುಣುಕುಗಳಾಗಿ ಬೀಳುತ್ತದೆ, ಹಾಳೆಗೆ ಅಂಟುತ್ತದೆ, ಕೈಯ ಕಾವಿಗೆ ನೀರಾಗುತ್ತದೆ. ಮಳೆ ನೀರಾದರೂ ಜಾರಿಹೋಗುತ್ತದೆ, ಇದು ಬಿದ್ದಲ್ಲೇ ಕೂತು ನೆನೆಸುತ್ತದೆ. ಲೇಪದ ಕಾಗದ ನಿಜಕ್ಕೂ ತನ್ನ ಬೆಲೆ ತೀರಿಸುವುದು ಈ ಹವೆಯಲ್ಲಿ. ಅಂದಹಾಗೆ, ಮಳೆಗೆ ಹೇಳಿದ ಮೆಕ್ಯಾನಿಕಲ್ ಪೆನ್ಸಿಲ್ ಲೋಹದ್ದಾಗಿದ್ದರೆ ಚಳಿಯಲ್ಲಿ ಶತ್ರು, ಬೆರಳಿನ ಕಾವನ್ನೆಲ್ಲ ಎಳೆದುಕೊಳ್ಳುತ್ತದೆ. ಅಲ್ಲಿ ಮರದ ಪೆನ್ಸಿಲೇ ಸರಿ. ಮೇಣದ ಬಣ್ಣದ ಪೆನ್ಸಿಲ್‌ಗಳು ಚಳಿಗೆ ಗಟ್ಟಿಯಾಗಿ ಬಣ್ಣ ಬಿಡಲು ಹಿಂದೆಗೆಯುತ್ತವೆ. ಎರಡು ಮೂರನ್ನು ಒಳಜೇಬಿನಲ್ಲಿಟ್ಟು ಸರದಿಯಂತೆ ತೆಗೆಯಿರಿ. ಮಾಮೂಲಿ ಬಾಲ್‌ಪೆನ್ನಿನ ಶಾಯಿಯೂ ಮಂದವಾಗಿ ಗೆರೆ ತುಂಡುತುಂಡಾಗುತ್ತದೆ. ಕೈಗವಸು ಎರಡು ಪದರ ಇರಲಿ: ಒಳಗೆ ಹೆಬ್ಬೆರಳು, ತೋರುಬೆರಳ ತುದಿ ಕತ್ತರಿಸಿದ ತೆಳುವಾದದ್ದು, ಮೇಲೆ ಬೆರಳು ಬಿಡಿಸದ ದಪ್ಪ ಚೀಲ. ಗೆರೆ ಎಳೆಯುವಾಗ ಮೇಲಿನದನ್ನು ಕಳಚಿ ನೇತುಬಿಡಿ, ದಾರ ಕಟ್ಟಿರಬೇಕು. ಪೆನ್ಸಿಲಿಗೆ ಬಟ್ಟೆಯ ಟೇಪು ಸುತ್ತಿ ದಪ್ಪ ಮಾಡಿದರೆ ಮರಗಟ್ಟಿದ ಬೆರಳಿಗೂ ಹಿಡಿತ ಸಿಗುತ್ತದೆ.

ನೋಡುವ ವಿಷಯದಲ್ಲಿ ಒಂದು ಮಾತು. ಬೀಳುವ ಹಿಮವನ್ನು ಬಿಳಿ ಚುಕ್ಕೆಗಳಾಗಿ ಇಡುವುದು ಎಲ್ಲರ ಅಭ್ಯಾಸ. ಕಪ್ಪು ಮರಗಳ ಮುಂದೆ ಅವು ಬಿಳಿಯೇ, ಆಕಾಶದ ಎದುರು ನೋಡಿದರೆ ಬೂದು. ಮೋಡ ಮುಚ್ಚಿದ ದಿನ ದಿಗಂತದ ಹತ್ತಿರದ ಆಕಾಶ ನೆತ್ತಿಯ ಆಕಾಶಕ್ಕಿಂತ ಮಂಕಾಗಿರುವುದರಿಂದ ನೆಲದ ಹಿಮ ಅದಕ್ಕಿಂತ ಬೆಳ್ಳಗೆ ಕಾಣುತ್ತದೆ. ಆಕಾಶವನ್ನು ಖಾಲಿ ಬಿಟ್ಟು ನೆಲಕ್ಕೆ ಛಾಯೆ ಕೊಟ್ಟರೆ ಚಿತ್ರ ತಲೆಕೆಳಗು. ಬಿಸಿಲಿದ್ದರೆ ನೆರಳು ನೀಲಿ, ಆಗ ಕಣ್ಣಿನ ಗತಿಯೂ ಯೋಚನೆ ಮಾಡಬೇಕಾದ್ದೇ. ಹೊಸ ಹಿಮ ಅತಿನೇರಳೆ ಕಿರಣದ ಶೇ. 80ರಷ್ಟನ್ನು, ಕೆಲವೊಮ್ಮೆ ಅದಕ್ಕೂ ಹೆಚ್ಚನ್ನು ಹಿಂದಕ್ಕೆ ಎಸೆಯುತ್ತದೆ. ಬೂದು ಗಾಜಿನ ಕನ್ನಡಕ ಹಾಕಿ, ಕಂದು ಅಥವಾ ಹಳದಿ ಗಾಜಿನದು ನೆರಳಿನ ನೀಲಿಯನ್ನು ಕೊಲ್ಲುತ್ತದೆ. ಧ್ರುವ ಅನ್ವೇಷಕ ರಾಬರ್ಟ್ ಸ್ಕಾಟ್ ಜೊತೆ ಅಂಟಾರ್ಕ್ಟಿಕಕ್ಕೆ ಎರಡು ಸಲ ಹೋದ ವೈದ್ಯ, ಚಿತ್ರಕಾರ ಎಡ್ವರ್ಡ್ ವಿಲ್ಸನ್ ಅಲ್ಲಿ ಚಿತ್ರ ಬಿಡಿಸುತ್ತ ಹಿಮಗುರುಡಿನಿಂದ ಬಹಳ ನರಳಿದವರು. ಅವರ ಪದ್ಧತಿ ಮಾತ್ರ ಇಂದಿಗೂ ಮಾದರಿ. ಹೊರಗೆ ಪೆನ್ಸಿಲ್ ಗೆರೆ, ಪಕ್ಕದಲ್ಲಿ ಬಣ್ಣದ ಟಿಪ್ಪಣಿ. ಜಲವರ್ಣವೆಲ್ಲ ಆಮೇಲೆ ಗುಡಿಸಲಿನೊಳಗೆ. ಕಪ್ಪು ಹತ್ತದ ಲೇಪದ ಕಾಗದಕ್ಕೂ ಇದೇ ಮದ್ದು. ಛಾಯೆಗೆ 1ರಿಂದ 5ರವರೆಗೆ ಅಂಕಿ ಇಟ್ಟುಕೊಳ್ಳಿ, 1 ಹಾಳೆಯ ಬಿಳುಪು, 5 ಕಡುಗಪ್ಪು. ಬಣ್ಣಕ್ಕೆ ತಿ.ನೀ., ಕ.ಹ., ಬೂ. ಎಂದು ಚುಟುಕು ಗುರುತು ಸಾಕು, ತಿಳಿನೀಲಿ, ಕಡುಹಸಿರು, ಬೂದು. ಬರೆಯಲೆಂದೇ ಹುಟ್ಟಿದ ಕಾಗದವಲ್ಲವೇ, ಟಿಪ್ಪಣಿ ಮಾತ್ರ ಸ್ಫುಟವಾಗಿ ಉಳಿಯುತ್ತದೆ.

ಅಲ್ಲೇ ಬಣ್ಣ ಹಾಕಲೇಬೇಕು ಎನ್ನುವವರಿಗೆ ಲೇಪದ ಕಾಗದ ಪ್ರಯೋಜನವಿಲ್ಲ. 300 ಗ್ರಾಂ ತೂಕದ ಹತ್ತಿ ಕಾಗದವೇ ಬೇಕು. ಸೊನ್ನೆಗಿಂತ ಕೆಳಗೆ ನೀರಿನ ಬದಲು ಮದ್ಯ ಬೆರೆಸುವುದು ರೂಢಿ. ಶೇ. 40ರ ವೊಡ್ಕಾಕ್ಕೆ ಸಮಪಾಲು ನೀರು ಸೇರಿಸಿದರೆ ಮೈನಸ್ 9ರ ತನಕ ಹೆಪ್ಪುಗಟ್ಟದು. ನೀರು ಬೆರೆಸದೆ ಬಳಸಿದರೆ ಮೈನಸ್ 20 ದಾಟಿದರೂ ನಡೆಯುತ್ತದೆ. ಇನ್ನೂ ಕಡುವಾದ ಸ್ಪಿರಿಟ್ ಒಯ್ಯೋಣ ಎಂದುಕೊಳ್ಳಬೇಡಿ. ಜಲವರ್ಣವನ್ನು ಹಿಡಿದಿಡುವ ಅರಬ್ಬಿ ಗೋಂದು ಕಡು ಆಲ್ಕೊಹಾಲಿನಲ್ಲಿ ಕರಗದೆ ಬೇರ್ಪಡುತ್ತದೆ, ಬಣ್ಣ ಹರಳುಹರಳಾಗಿ ಕೂರುತ್ತದೆ. ಸೊನ್ನೆಗಿಂತ ತಣ್ಣಗಿದ್ದೂ ದ್ರವವಾಗಿರುವ ಈ ಮಿಶ್ರಣ ಬರಿಗೈ ಮೇಲೆ ಚೆಲ್ಲಿದರೆ ಚರ್ಮವನ್ನೇ ಮರಗಟ್ಟಿಸಬಹುದು. ಹಿಡಿಯಲ್ಲೇ ನೀರು ತುಂಬುವ ಬ್ರಶ್ಶುಗಳನ್ನು ಕೋಟಿನೊಳಗೆ ಇಟ್ಟುಕೊಳ್ಳಿ, ಹೊರಗಿಟ್ಟರೆ ಹೆಪ್ಪುಗಟ್ಟಿ ಸೀಳುತ್ತವೆ. ಬಳಿದ ಬಣ್ಣ ಕಾಗದದ ಮೇಲೆ ಹೆಪ್ಪುಗಟ್ಟಿ ಜರೀಗಿಡದ ಎಲೆಯಂಥ ಆಕೃತಿ ಮೂಡಿದರೆ ಹಿಗ್ಗುವ ಮೊದಲು ನೆನಪಿಡಿ, ಅದು ಒಣಗಿದ್ದಲ್ಲ. ಬೆಚ್ಚನೆ ಕೋಣೆಗೆ ಬಂದೊಡನೆ ಕರಗಿ ಹರಿಯುತ್ತದೆ. ಹಲಗೆಯನ್ನು ಸಮತಟ್ಟಾಗಿಟ್ಟು ಕರಗಲು ಬಿಟ್ಟರೆ ಆಕೃತಿಯ ಸ್ವಲ್ಪ ಭಾಗವಾದರೂ ಉಳಿದೀತು.

ಛತ್ರಿ ಬಿಳಿ, ಬೂದು ಅಥವಾ ಕಪ್ಪಾಗಿರಲಿ, ಕೆಂಪು ಹಸಿರು ಛತ್ರಿಗಳು ಹಾಳೆಗೂ ಅದೇ ಬಣ್ಣ ಬಳಿಯುತ್ತವೆ. ಹಲಗೆ ಅದರ ಕಡ್ಡಿಗಳ ತುದಿಯ ನೇರಕ್ಕೆ ಬಾರದಂತೆ ಕೂರಬೇಕು, ಇಲ್ಲದಿದ್ದರೆ ಮಳೆಗಿಂತ ದೊಡ್ಡ ಹನಿ ಅಲ್ಲಿಂದಲೇ ಬೀಳುತ್ತದೆ. ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಹಲಗೆಯನ್ನೂ ಕೈಯನ್ನೂ ತೂರಿಸಿ ಬಿಡಿಸುವ ಉಪಾಯ ಸ್ವಲ್ಪ ಹೊತ್ತಿಗೆ ಸರಿ. ಕೈಯ ಬೆವರಿಗೆ ಒಳಗಡೆಯೇ ಹಬೆ ಕಟ್ಟುತ್ತದೆ. ಬಾಯಿ ಕೆಳಗಾಗಿ ತೆರೆದಿದ್ದರೆ ಹಬೆ ಕಡಿಮೆ.

ಮನೆಗೆ ಬಂದ ಮೇಲೆ ಮಾಡುವ ಅವಸರದಲ್ಲಿ ಹಾಳಾಗುವ ಚಿತ್ರಗಳೂ ಬೇಕಾದಷ್ಟಿವೆ. ಚಳಿಯಿಂದ ತಂದ ಪುಸ್ತಕವನ್ನು ಬೆಚ್ಚನೆ ಕೋಣೆಯಲ್ಲಿ ಕೂಡಲೇ ತೆರೆದರೆ ಗಾಳಿಯ ತೇವವೆಲ್ಲ ತಣ್ಣನೆ ಹಾಳೆಯ ಮೇಲೆ ಇಬ್ಬನಿಯಾಗಿ ಕೂರುತ್ತದೆ. ಹೊರಗಿರುವಾಗಲೇ ಜಿಪ್ ಚೀಲಕ್ಕೆ ಹಾಕಿ ಬಾಯಿ ಮುಚ್ಚಿ, ಕೋಣೆಯ ಶಾಖಕ್ಕೆ ಬರುವ ತನಕ ತೆರೆಯಬೇಡಿ. ಮಳೆಯಲ್ಲಿ ನೆಂದ ಲೇಪದ ಹಾಳೆಗಳ ನಡುವೆ ಒತ್ತುಕಾಗದ ಇಡಿ, ಒತ್ತಿ ತೆಗೆಯಿರಿ, ಮತ್ತೆ ಅದೇ ಮಾತು, ಉಜ್ಜಬೇಡಿ. ಪೂರ್ತಿ ಒಣಗಿದ ಮೇಲೆ ಫಿಕ್ಸೆಟಿವ್, ಅಂದರೆ ಗ್ರಾಫೈಟನ್ನು ಹಾಳೆಗೆ ಹಿಡಿದಿಡುವ ದ್ರವ, ಸಿಂಪಡಿಸಿದರೆ ಕಲಸುವ ಭಯ ಅಷ್ಟರಮಟ್ಟಿಗೆ ಕಡಿಮೆ. ಸಿಂಪಡಿಸುವುದು ಒಣ ಹವೆಯ ದಿನವಿರಲಿ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಆ ಪದರ ಬೆಳ್ಳಗೆ ಮಂಜುಗಟ್ಟಿ, ಕಷ್ಟಪಟ್ಟು ತಂದ ಕಪ್ಪನ್ನು ಬೂದು ಮಾಡುತ್ತದೆ.